ಡೇರೆ ಗಡ್ಡೆಯ ಲೆಕ್ಕ

ಹಿಲ್ಲೂರಿನಲ್ಲಿ ಗಡ್ಡೆ ನೆಡುವುದಕ್ಕೆ ವಸಂತ ಋತುವಿನ ಹಂಗಿಲ್ಲ. ಪಂಚಾಂಗದಲ್ಲಿ ವಸಂತ ಎಂದು ಬರೆದಿರುವ ಚೈತ್ರ, ವೈಶಾಖದಲ್ಲಿ ಅಂಕೋಲಾ ತಾಲೂಕಿನ ನೆಲ ಗುದ್ದಲಿಗೆ ಜಗ್ಗುವುದಿಲ್ಲ, ಬಾವಿಯಲ್ಲಿ ಕೊಡ ಮುಳುಗುವಷ್ಟು ನೀರೂ ಇರುವುದಿಲ್ಲ. ನಮ್ಮ ಗಡ್ಡೆಗಳ ವರ್ಷ ಶುರುವಾಗುವುದು ಮೇ 25ರ ಸುಮಾರಿಗೆ ಹಿಡಿಯುವ ರೋಹಿಣಿ ಮಳೆಯಿಂದ. ಕೃತ್ತಿಕೆಯಲ್ಲಿ ಒಂದೆರಡು ಗುಡುಗಿನ ಮಳೆ ಬಿದ್ದು ಮಣ್ಣು ಮೆತ್ತಗಾದರೆ ಗುಂಡಿ ತೋಡಿಡಬೇಕು, ರೋಹಿಣಿಯಲ್ಲಿ ಹುಗಿಯಬೇಕು, ಮೃಗಶಿರದ ಹೊತ್ತಿಗೆ ಮೊಳಕೆ ಕಾಣಬೇಕು. ಆರ್ದ್ರಾ ಹಿಡಿದ ಮೇಲೆ ನೆಟ್ಟದ್ದು ಹೆಚ್ಚಿನ ಪಾಲು ಕೊಳೆತದ್ದೇ. ಗಂಗಾವಳಿ ಕಣಿವೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಸುರಿಯುವ ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಬಿದ್ದು ಮುಗಿಯುತ್ತದೆ. ಬೇರು ಬಿಡದ ಗಡ್ಡೆ ಆ ನೀರಿನಲ್ಲಿ ಬದುಕುವುದಿಲ್ಲ.

ಚಳಿಯ ನಾಡುಗಳ ಲೆಕ್ಕವೇ ಬೇರೆ. ಅಲ್ಲಿ ಟ್ಯೂಲಿಪ್, ಡ್ಯಾಫೋಡಿಲ್ ಗಡ್ಡೆಗಳನ್ನು ಹಿಮ ಬೀಳುವ ಮೊದಲೇ ಹುಗಿದು ವಸಂತದಲ್ಲಿ ಹೂ ನೋಡುತ್ತಾರೆ. ಟ್ಯೂಲಿಪ್‌ ಗಡ್ಡೆಗೆ ಮೂರು ತಿಂಗಳ ಗಟ್ಟಿ ಚಳಿ ತಾಗದೆ ಸರಿಯಾಗಿ ಹೂ ಬರುವುದಿಲ್ಲ. ಶ್ರೀನಗರದ ಜಬರ್ವಾನ್ ಬೆಟ್ಟದ ಬುಡದಲ್ಲಿ 2007ರಲ್ಲಿ ತೆರೆದ ಟ್ಯೂಲಿಪ್ ತೋಟಕ್ಕೆ ಆ ಚಳಿ ಪುಕ್ಕಟೆ ಸಿಗುತ್ತದೆ. ನಮ್ಮಲ್ಲಿ ಗಡ್ಡೆಗಳು ಮಲಗುವುದು ಬಿಸಿಲಿಗೆ ಮತ್ತು ಒಣಹವೆಗೆ. ಅವು ಏಳುವುದು ಮಳೆಯ ಮಣ್ಣಿನ ವಾಸನೆಗೆ. ಈ ಮಲಗುವ ಆರು ತಿಂಗಳನ್ನು ದಾಟಿಸುವುದೇ ಹಿತ್ತಲಿನ ನಿಜವಾದ ಕೆಲಸವಾಗಿತ್ತು. ನೆಡುವುದಕ್ಕೆ ಅರ್ಧ ದಿನ ಸಾಕಿತ್ತು.

ನಾನು ಹೇಳುತ್ತಿರುವುದು 1980ರ ದಶಕದ ಮಾತು. ಆಗ ನಮ್ಮ ಹಿತ್ತಲಿನಲ್ಲಿ ಗಡ್ಡೆಗಳಿಗೂ ಒಂದು ಪಂಕ್ತಿಭೇದ ಇತ್ತು. ಮೊದಲ ಪಂಕ್ತಿ ಹೊಟ್ಟೆಗೆ ಆಗುವಂಥವು: ಸುವರ್ಣಗಡ್ಡೆ, ಕೆಸು, ಅರಿಶಿನ, ಶುಂಠಿ, ಮಾವಿನಶುಂಠಿ. ಕೊಟ್ಟಿಗೆಯ ಒಳ್ಳೆಯ ಗೊಬ್ಬರ, ಬೆಟ್ಟದಿಂದ ಹೊತ್ತು ತಂದ ದರಕು, ಒಲೆಯ ಬೂದಿ ಎಲ್ಲವೂ ಅವಕ್ಕೇ. ಇದರಲ್ಲಿ ಶೋಕಿ ಏನೂ ಇರಲಿಲ್ಲ. ಆಷಾಢ, ಶ್ರಾವಣದಲ್ಲಿ ಹಳ್ಳ ತುಂಬಿದರೆ ಪೇಟೆಯ ತರಕಾರಿ ಊರಿಗೆ ಬರುತ್ತಿರಲಿಲ್ಲ. ಕೆಸುವಿನ ದಂಟು, ಎಲೆ, ಗಡ್ಡೆ, ಜೊತೆಗೆ ಬಸಳೆ ಮತ್ತು ಬೆಟ್ಟದ ಕಳಲೆ. ಇಷ್ಟರಲ್ಲೇ ಮಳೆಗಾಲ ಕಳೆಯಬೇಕಿತ್ತು. ಅರಿಶಿನ ಗಡ್ಡೆ ಪೇಟೆಯಲ್ಲಿ ಸಿಗುತ್ತಿತ್ತು, ನಾಗರಪಂಚಮಿಯ ಕಡುಬಿಗೆ ಬೇಕಾದ ಅರಿಶಿನದ ಎಲೆ ಹಿತ್ತಲಿನಲ್ಲೇ ಆಗಬೇಕಿತ್ತು. ಆಗಿನ ಸುವರ್ಣಗಡ್ಡೆಯ ತುರಿಕೆ ಈಗಿನವರಿಗೆ ಗೊತ್ತಿಲ್ಲ. ಹುಣಸೆಹುಳಿ ಹಾಕಿ ಬೇಯಿಸಿದರೂ ಗಂಟಲು ಕೆರೆಯುತ್ತಿತ್ತು. ಗಡ್ಡೆಯೊಳಗಿನ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಅದಕ್ಕೆ ಕಾರಣ. ಈಗ ಎಲ್ಲರ ಹಿತ್ತಲಿಗೂ ಬಂದಿರುವುದು ಆಂಧ್ರದ ಕೊವ್ವೂರಿನಿಂದ ಹೊರಟ ಗಜೇಂದ್ರ ತಳಿ. ಅದಕ್ಕೆ ತುರಿಕೆ ಇಲ್ಲ ಎನ್ನುವಷ್ಟು ಕಡಿಮೆ. ಹಳೆಯ ತಳಿ ಹೋಯಿತೆಂದು ನಮ್ಮ ಮನೆಯಲ್ಲಿ ಯಾರೂ ಅತ್ತಿಲ್ಲ.

ಎರಡನೆಯ ಪಂಕ್ತಿಯಲ್ಲಿ ಹೂವಿನ ಗಡ್ಡೆಗಳು. ಅದರಲ್ಲಿ ಮಳೆ ಬಿದ್ದ ಕೂಡಲೇ ತಾವಾಗಿ ಏಳುವ ಮೇ ಹೂವಿನ ಕೆಂಪು ಚೆಂಡುಗಳಿದ್ದವು, ಬಾವಿಕಟ್ಟೆಯ ಬದಿಯ ಸುಗಂಧಿ ಇತ್ತು, ಸುಗಂಧರಾಜದ ಒಂದು ಮಡಿ ಇತ್ತು. ಬೇಲಿಯ ಮೇಲೆ ಹಬ್ಬುವ ಗೌರಿ ಹೂವಿನ ಗಡ್ಡೆಯನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ನೇಗಿಲಿನಂತೆ ಎರಡು ಕವಲಾಗಿ ಮಣ್ಣಿನೊಳಗೆ ಇಳಿಯುವ ಆ ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಕಡು ವಿಷ ಇದೆ. ಗೆಣಸೆಂದು ತಿಂದವರು ಬದುಕುವುದು ಕಷ್ಟ. ಹೂ ಮಾತ್ರ ಚೌತಿಯ ಫಲಾವಳಿಗೆ ಬೇಕೇ ಬೇಕು.

ಇವೆಲ್ಲಕ್ಕೂ ಮೇಲೆ ಡೇರೆ, ಎಂದರೆ ಡೇಲಿಯಾ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರದ ಕಡೆಯ ಅಡಿಕೆ ತೋಟಿಗರ ಮನೆಯಂಗಳದಲ್ಲಿ ಮಳೆಗಾಲದ ಡೇರೆ ಎಂದರೆ ಹೆಂಗಸರ ಮಾನದ ಪ್ರಶ್ನೆ. ಮೆಕ್ಸಿಕೊದ ಗುಡ್ಡಗಾಡಿನ ಈ ಗಿಡ 1789ರ ಹೊತ್ತಿಗೆ ಸ್ಪೇನಿನ ಮ್ಯಾಡ್ರಿಡ್ ಸಸ್ಯೋದ್ಯಾನಕ್ಕೆ ಬಂತು, 1791ರಲ್ಲಿ ಅಲ್ಲಿಯ ಕವನೀಯೆಸ್ ಎಂಬ ವಿಜ್ಞಾನಿ ಅದಕ್ಕೆ ಸ್ವೀಡನ್ನಿನ ಆಂಡರ್ಸ್ ಡಾಲ್ ಅವರ ಹೆಸರಿಟ್ಟ. 1963ರಿಂದ ಅದು ಮೆಕ್ಸಿಕೊದ ರಾಷ್ಟ್ರೀಯ ಹೂ. ಗಡ್ಡೆ ತಿನ್ನಲೂ ಆಗುತ್ತದೆ. ನಮ್ಮ ಕಡೆ ಅದನ್ನು ತಿಂದವರು ಕಾಡುಹಂದಿ ಮತ್ತು ಮುಳ್ಳುಹಂದಿ. ಮುಡಿದರೆ ಒಂದೇ ಹೂ ಇಡೀ ತುರುಬು ಮುಚ್ಚುತ್ತಿತ್ತು, ಗಣಪತಿಯ ಮುಂದೆ ನಾಲ್ಕಿಟ್ಟರೆ ಮಂಟಪ ತುಂಬುತ್ತಿತ್ತು.

ಘಟ್ಟದ ಮೇಲಿನವರಿಗೆ ಒಲಿದಷ್ಟು ಸಲೀಸಾಗಿ ಡೇರೆ ನಮಗೆ ಒಲಿಯುತ್ತಿರಲಿಲ್ಲ. ಯಲ್ಲಾಪುರ ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿದೆ. ಹಿಲ್ಲೂರು ಘಟ್ಟದ ಬುಡದಲ್ಲಿದೆ. ಮೇಲೆ ಫಾಲ್ಗುಣದವರೆಗೂ ತಂಪು ಉಳಿಯುತ್ತದೆ, ಕೆಳಗೆ ಶಿವರಾತ್ರಿ ಮುಗಿಯುವುದೇ ತಡ ಬೆವರು. ಆ ಬಿಸಿಗೆ ಕೆಲವು ಗಡ್ಡೆ ಸುಕ್ಕುಗಟ್ಟಿ ಕಡ್ಡಿಯಾಗುತ್ತಿದ್ದವು, ಕೆಲವು ಸಮುದ್ರದ ಕಡೆಯ ಹಸಿಗಾಳಿಗೆ ಏಪ್ರಿಲಿನಲ್ಲೇ ಮೊಳೆತು, ಮಳೆ ಬರುವಷ್ಟರಲ್ಲಿ ಸೋತಿರುತ್ತಿದ್ದವು. ಹೀಗಾಗಿ ಪ್ರತಿ ವರ್ಷ ಒಂದಿಷ್ಟು ಗಡ್ಡೆ ಮೇಲಿನಿಂದ ಬರಲೇಬೇಕಿತ್ತು. ಮಂಚಿಕೇರಿ ಕಡೆ ಕೊಟ್ಟಿದ್ದ ನಮ್ಮ ದೊಡ್ಡಾಯಿ ಮೇ ತಿಂಗಳಲ್ಲಿ ಅರಬೈಲು ಘಟ್ಟ ಇಳಿಯುವ ಕೆಂಪು ಬಸ್ಸಿನಲ್ಲಿ ಬರುವಾಗ ಚೀಲದ ತಳಕ್ಕೆ ಗಡ್ಡೆ, ಮೇಲೆ ಸೀರೆ. ಹೋಗುವಾಗ ಅದೇ ಚೀಲದಲ್ಲಿ ಅಂಕೋಲೆಯ ಕರಿ ಈಶಾಡು ಮಾವು. 2023ರಲ್ಲಿ ಭೌಗೋಳಿಕ ಸೂಚಿಕೆ ಪಡೆದು ಪತ್ರಿಕೆಗಳಲ್ಲಿ ಮಿಂಚಿದ ಆ ಹಣ್ಣು ಆಗ ನಮಗೆ ಗಡ್ಡೆಗೆ ಬದಲು ಕೊಡುವ ಸರಕು. ಒಂದು ಕಡೆ ಹಣ್ಣಾಗುವ ತಿಂಗಳಲ್ಲೇ ಇನ್ನೊಂದು ಕಡೆ ಗಡ್ಡೆ ಏಳುತ್ತಿತ್ತು, ಲೆಕ್ಕ ಸರಿಹೋಗುತ್ತಿತ್ತು.

ಗಡ್ಡೆ ಆರಿಸುವುದನ್ನು ನನಗೆ ಕಲಿಸಿದ್ದೂ ದೊಡ್ಡಾಯಿಯೇ. "ಕಣ್ಣಿದ್ದಾ ನೋಡು ಕೂಸೇ. ಕಣ್ಣಿಲ್ದಿದ್ದು ಎಷ್ಟ್ ದಪ್ಪ ಇದ್ರೂ ಹುಟ್ತಿಲ್ಲೆ." ಆಲೂಗಡ್ಡೆಗೆ ಮೈತುಂಬ ಕಣ್ಣು, ಎಲ್ಲಿ ಕೊಯ್ದು ನೆಟ್ಟರೂ ಒಂದಲ್ಲ ಒಂದು ಹುಟ್ಟುತ್ತದೆ. ಡೇರೆಗೆ ಹಾಗಲ್ಲ. ಹಳೆಯ ಕಾಂಡ ಗಡ್ಡೆಗೆ ಸೇರುವ ಕುತ್ತಿಗೆಯಲ್ಲಿ ಮಾತ್ರ ಅದರ ಕಣ್ಣು ಇರುತ್ತದೆ, ಅದೂ ಸಾಸಿವೆ ಕಾಳಿನಷ್ಟು. ಗೊಂಚಲು ಬಿಡಿಸುವಾಗ ಕುತ್ತಿಗೆ ಮುರಿದರೆ ಮುಷ್ಟಿ ಗಾತ್ರದ ಗಡ್ಡೆಯೂ ದಂಡ. ಮಣ್ಣಿನಲ್ಲಿ ತಿಂಗಳುಗಟ್ಟಲೆ ಕೊಳೆಯದೆ ಕುಳಿತು, ಬೇರನ್ನೂ ಬಿಟ್ಟು, ಮೊಳಕೆ ಮಾತ್ರ ಕೊಡದ ಗಡ್ಡೆಗಳಿವೆ. ಆದ್ದರಿಂದ ದೊಡ್ಡಾಯಿ ಗೊಂಚಲನ್ನು ಕೈಯಿಂದ ಎಳೆದು ಬಿಡಿಸುತ್ತಿರಲಿಲ್ಲ. ಮೆಟ್ಟುಗತ್ತಿಯ ಮೇಲಿಟ್ಟು, ಪ್ರತಿ ಗಡ್ಡೆಯ ಜೊತೆಗೆ ಕಾಂಡದ ಒಂದು ಚೂರು ಬರುವಂತೆ ಸೀಳುತ್ತಿದ್ದಳು. ಸೀಳಿದ ಗಾಯಕ್ಕೆ ಬೂದಿ ಸವರಿ, ಒಂದು ದಿನ ನೆರಳಿನಲ್ಲಿ ಆರಿಸಿ ಆಮೇಲೆ ನೆಡುವುದು.

ನೆಟ್ಟ ಮೇಲೆ ಗಿಡದ ಆರೈಕೆ ಯಾರಿಗೂ ಬಿಡುವು ಕೊಡುತ್ತಿರಲಿಲ್ಲ. ಡೇರೆಯ ದಂಟು ಟೊಳ್ಳು. ಹೂವಿನ ತಲೆ ನೀರು ಹೀರಿ ಭಾರವಾದರೆ ಬುಡದಲ್ಲೇ ಮುರಿಯುತ್ತದೆ. ಪ್ರತಿ ಗಿಡಕ್ಕೂ ಅಡಿಕೆ ದಬ್ಬೆಯ ಗೂಟ, ಬಾಳೆನಾರಿನ ಕಟ್ಟು. ಸಂಜೆ ದೀಪ ಹಿಡಿದು ಬಸವನಹುಳು ಹೆಕ್ಕುವುದು ಮಕ್ಕಳ ಪಾಲು. ದೊಡ್ಡ ಹೂ ಬೇಕಾದರೆ ಪಕ್ಕದ ಮೊಗ್ಗು ಚಿವುಟಬೇಕು. ಅಡಿಗೆ, ಕೊಟ್ಟಿಗೆ, ಗದ್ದೆಯ ನಟ್ಟಿಗೆ ಬಂದವರ ಊಟ ಎಲ್ಲ ಮುಗಿಸಿದ ಆಯಿ, ಎಂದರೆ ನಮ್ಮ ಅಮ್ಮ, ಕಂಬಳಿಕೊಪ್ಪೆ ಸೂಡಿಕೊಂಡು ಇದನ್ನೆಲ್ಲ ಮಾಡುತ್ತಿದ್ದಳು. ಗಂಡಸರು ಡೇರೆ ಹೂವನ್ನು ನೆಂಟರಿಗೆ ತೋರಿಸುತ್ತಿದ್ದರು.

ಚೌತಿ ಮುಗಿದರೆ ಹೂವಿನ ಕೆಲಸ ಮುಗಿಯಿತು, ಗಡ್ಡೆಯ ಕೆಲಸ ಆಗಷ್ಟೇ ಶುರು. ಹಗಲು ಹನ್ನೆರಡು ತಾಸಿಗಿಂತ ಕಡಿಮೆಯಾಗುವ ಸೆಪ್ಟೆಂಬರ್ ಕೊನೆಯಿಂದ ಡೇರೆ ತನ್ನ ಶಕ್ತಿಯನ್ನೆಲ್ಲ ಕೆಳಗಿಳಿಸಿ ಗಡ್ಡೆ ದಪ್ಪ ಮಾಡತೊಡಗುತ್ತದೆ. ಆಯಿಗೆ ಈ ವಿಜ್ಞಾನ ಗೊತ್ತಿರಲಿಲ್ಲ, ನವರಾತ್ರಿಯಲ್ಲಿ ಗಿಡ ಕಿತ್ತರೆ ಬರಿ ಬೇರು ಸಿಗುತ್ತದೆ ಎಂಬುದು ಗೊತ್ತಿತ್ತು. ಎಲೆ ಹಳದಿಯಾಗಿ, ದಂಟು ಕಪ್ಪಾಗಿ, ಅಂಗಳ ನೋಡಲಾಗದಷ್ಟು ಹೊಲಸಾದರೂ ದೀಪಾವಳಿ ಕಳೆಯುವವರೆಗೆ ಮುಟ್ಟಗೊಡುತ್ತಿರಲಿಲ್ಲ. ಆಮೇಲೆ ಗೇಣುದ್ದ ದಂಟು ಬಿಟ್ಟು ಸವರಿ, ಸುತ್ತ ಅಗೆದು, ಗೊಂಚಲನ್ನು ಮಣ್ಣುಸಮೇತ ಎತ್ತಿ ನೆರಳಿನಲ್ಲಿ ಒಣಗಿಸುವುದು. ಒಣಗಿದ ಗೊಂಚಲುಗಳು ಹಳೆಯ ಹೆಡಿಗೆಯೊಳಗೆ, ಮರಳು ಮತ್ತು ಬೂದಿಯ ನಡುವೆ, ಅಡಿಗೆಮನೆಯ ಅಟ್ಟಕ್ಕೆ ಏರುತ್ತಿದ್ದವು.

ಬಣ್ಣದ ಗುರುತಿಗೆ ಆಯಿ ಒಂದು ಉಪಾಯ ಮಾಡಿದ್ದಳು. ಹೂ ಇರುವಾಗಲೇ ಆಯಾ ಬಣ್ಣದ ಹಳೇ ಬಟ್ಟೆಯ ಚಿಂದಿಯನ್ನು ದಂಟಿಗೆ ಕಟ್ಟುವುದು. ಕೆಂಪಿಗೆ ಕೆಂಪು, ಹಳದಿಗೆ ಹಳದಿ, ಬಿಳಿಗೆ ಅಪ್ಪನ ಪಂಚೆಯ ಅಂಚು. ಆದರೆ ಒಲೆಯ ಹೊಗೆಗೆ ಬಣ್ಣದ ಭೇದವಿಲ್ಲ. ಮೇ ತಿಂಗಳಲ್ಲಿ ಹೆಡಿಗೆ ಇಳಿಸಿದರೆ ಎಲ್ಲ ಚಿಂದಿಗಳೂ ಒಂದೇ ಕಂದು. ಯಾವುದು ಯಾವುದೆಂದು ಶ್ರಾವಣದಲ್ಲಿ ಮೊಗ್ಗು ಒಡೆದಾಗಲೇ ತಿಳಿಯುತ್ತಿತ್ತು. ಆದರೂ ಮರುವರ್ಷ ಮತ್ತೆ ಚಿಂದಿ ಕಟ್ಟುವುದು ತಪ್ಪಲಿಲ್ಲ.

ಗಡ್ಡೆ ಕೊಡುಕೊಳ್ಳುವುದನ್ನು ಈಗ ಬರೆಯುವವರು ಹಳ್ಳಿಯ ಔದಾರ್ಯವೆಂದು ಬರೆಯುತ್ತಾರೆ. ನಾನು ಕಂಡದ್ದು ಅಷ್ಟು ಸರಳವಾಗಿರಲಿಲ್ಲ. ಯಾರ ಮನೆಯಲ್ಲೂ ಇಲ್ಲದ ಬಣ್ಣ ಸಿಕ್ಕಿದವಳು ಎರಡು ವರ್ಷವಾದರೂ ಅದನ್ನು ಮನೆಯಾಚೆ ಬಿಡುತ್ತಿರಲಿಲ್ಲ. ಕೇಳಿದವರಿಗೆ ಇಲ್ಲವೆನ್ನಲಾಗದೆ, ದಪ್ಪನೆಯ ಕುರುಡು ಗಡ್ಡೆ ಕೊಟ್ಟು ಕಳಿಸಿದ್ದೂ ಉಂಟು. ಪಡೆದವಳಿಗೆ ಅದು ಗೊತ್ತಾಗುವುದು ಶ್ರಾವಣದಲ್ಲಿ, ಮಾತು ಬಿಡುವುದು ಭಾದ್ರಪದದಲ್ಲಿ. ನಂಟರ ಮನೆಗೆ ಹೋಗುವುದು ಆರಿಸಿದ ಗಡ್ಡೆ. ತೋಟದ ಕೆಲಸಕ್ಕೆ ಬರುತ್ತಿದ್ದ ಹಾಲಕ್ಕಿ ಹೆಂಗಸರಿಗೆ ಸಿಗುತ್ತಿದ್ದುದು ಹೆಡಿಗೆಯ ತಳದಲ್ಲಿ ಉಳಿದ ಕಿರುಬೆರಳಿನಷ್ಟರವು. ಅವರ ಹಿತ್ತಲಿನಲ್ಲಿ ಗೊಂಡೆ, ಅಬ್ಬಲಿಗೆ, ಗೆಣಸಿನ ಏರಿಗಳ ಪಕ್ಕ ಅವು ಹೇಗೋ ಹುಟ್ಟಿಕೊಳ್ಳುತ್ತಿದ್ದವು. ಡೇರೆಗೆ ಗಾತ್ರಕ್ಕಿಂತ ಕಣ್ಣು ಮುಖ್ಯವಷ್ಟೆ.

ಒಂದು ವರ್ಷ ನಮ್ಮ ಅಟ್ಟಕ್ಕೆ ಇಲಿ ಹೊಕ್ಕು ಹಳದಿ ಡೇರೆಯ ವಂಶವೇ ಮುಗಿಯಿತು. ದೊಡ್ಡಾಯಿಯ ಮನೆಯಲ್ಲೂ ಆ ಬಣ್ಣ ಇರಲಿಲ್ಲ. ಚೌತಿಯ ಹೊತ್ತಿಗೆ ನೋಡಿದರೆ, ಬೇಲಿಯ ದಣಪೆಯಾಚೆ ಕೆಲಸದವಳ ಮನೆಯ ಮುಂದೆ ನಮ್ಮ ಹಳದಿ ಅರಳಿ ನಿಂತಿದೆ. ಆಯಿಗೆ ಕೇಳಲು ಬಿಗುಮಾನ. ಬಣ್ಣ ಬಿಡಲು ಮನಸ್ಸಿಲ್ಲ. ಕಡೆಗೆ ದೀಪಾವಳಿ ಕಳೆದ ಮೇಲೆ ದಣಪೆ ದಾಟಿ ತಾನೇ ಹೋದಳು. ಆ ಹೆಂಗಸು ಹಾರೆ ತಂದು ಇಡೀ ಗೊಂಚಲನ್ನೇ ಎಬ್ಬಿಸಿ, ಅರ್ಧ ಸೀಳಿ ಕೈಗಿಟ್ಟಳು. "ತಕೊಂಡ್ ಹೋಗಿ ಅಮ್ಮಾ, ನಿಮ್ಮನೇದೇ ಅಲ್ದಾ?" ಮರುವರ್ಷದಿಂದ ಅವಳ ಪಾಲಿನ ಗಡ್ಡೆಯನ್ನು ಆಯಿ ಮೊದಲೇ ಆರಿಸಿ ತೆಗೆದಿಡುತ್ತಿದ್ದಳು. ಮನಸ್ಸು ಬದಲಾಯಿತೋ, ಇಲಿಯ ಹೆದರಿಕೆಯೋ, ನಾನು ಕೇಳಲಿಲ್ಲ. ಎರಡರಲ್ಲಿ ಯಾವುದಾದರೂ ಗಡ್ಡೆಗೆ ಅನುಕೂಲವೇ ಆಯಿತು.

ಈಗ ಆ ಮನೆಯನ್ನು ತಮ್ಮ ಮತ್ತು ಅವನ ಹೆಂಡತಿ ನೋಡಿಕೊಳ್ಳುತ್ತಾರೆ. ಅಂಗಳದಲ್ಲಿ ಡೇರೆ ನಮ್ಮ ಕಾಲಕ್ಕಿಂತ ಹೆಚ್ಚೇ ಇದೆ. ಆಗ ನಮಗೆ ಗೊತ್ತಿದ್ದುದು ಬೆರಳೆಣಿಕೆಯ ಬಣ್ಣ. ಈಗ ಎರಡು ಬಣ್ಣದ ಎಸಳಿನವು, ತಟ್ಟೆಯಗಲದವು, ಮೊಣಕಾಲೆತ್ತರಕ್ಕೇ ಹೂ ಬಿಡುವ ಗಿಡ್ಡ ಜಾತಿಯವು. ಪಕ್ಕದಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಜ್ವಲ್ ಸುಗಂಧರಾಜ. ಎಲ್ಲವೂ ಗ್ರೋಬ್ಯಾಗಿನಲ್ಲಿ, ಏಕೆಂದರೆ ಅಂಗಳಕ್ಕೆ ಇಂಟರ್‌ಲಾಕ್ ಹಾಸಿದೆ. ಕೆಸರು ತುಳಿಯುವುದು ತಪ್ಪಿದೆ, ಮಳೆ ಜೋರಾದರೆ ಗಿಡವನ್ನೇ ಜಗಲಿಗೆ ಎತ್ತಿಡಬಹುದು. ಆಯಿಗೆ ಈ ಸೌಕರ್ಯ ಸಿಕ್ಕಿದ್ದರೆ ಬೇಡವೆನ್ನುತ್ತಿರಲಿಲ್ಲ.

ತರಕಾರಿಯ ಚಿಂತೆಯೂ ಈಗಿಲ್ಲ. ಹುಬ್ಬಳ್ಳಿಯಿಂದ ಘಟ್ಟ ಇಳಿಯುವ ಲಾರಿಗಳು ಆಷಾಢದಲ್ಲೂ ಎಲೆಕೋಸು ತರುತ್ತವೆ. ಕೆಸು ನೆಡುವುದು ಪತ್ರೊಡೆಯ ಆಸೆಗಷ್ಟೇ ಉಳಿದಿದೆ. 2021ರ ಜುಲೈನಲ್ಲಿ ಅರಬೈಲಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದಾಗ ಮಾತ್ರ ಜನ ಮತ್ತೆ ಹಿತ್ತಲಿನ ಕಡೆ ನೋಡಿದರು. ರಸ್ತೆ ತೆರೆಯಿತು, ಹಿತ್ತಲು ಮರೆತುಹೋಯಿತು.

ಕಡಿಮೆಯಾದದ್ದು ಒಂದೇ: ಕಾಯ್ದಿಡುವ ಕೆಲಸ. ಚೌತಿ ಮುಗಿದು ಎಲೆ ಹಳದಿಯಾಗುತ್ತಲೇ ಗ್ರೋಬ್ಯಾಗುಗಳನ್ನು ಮಗುಚಿ, ನವರಾತ್ರಿಗೆ ಅಂಗಳ ಚೊಕ್ಕ ಮಾಡುತ್ತಾರೆ. ಗಡ್ಡೆ ಕಟ್ಟಲು ಗಿಡ ತಯಾರಾಗುವ ಹೊತ್ತಿಗೆ ಗಿಡವೇ ಇರುವುದಿಲ್ಲ. "ದುಡ್ಡು ಕೊಟ್ರೆ ಜೂನಲ್ಲಿ ಮತ್ತೆ ಸಿಗ್ತು ಅತ್ತಿಗೆ, ಆರು ತಿಂಗ್ಳು ಕಾಯಲೆ ಯಂಗೆ ಪುರಸೊತ್ತಿಲ್ಲೆ" ಎನ್ನುತ್ತಾಳೆ ತಮ್ಮನ ಹೆಂಡತಿ. ಅವಳ ಮಾತಿನಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಅಂಗನವಾಡಿಯ ಕೆಲಸ ಅವಳದು, ಆಯಿಯಂತೆ ದಿನವಿಡೀ ಮನೆಯಲ್ಲಿ ಇರುವವಳಲ್ಲ. ಇಟ್ಟುಕೊಳ್ಳುತ್ತೇನೆಂದರೂ ಎಲ್ಲಿ? ಹಂಚಿನ ಮಾಡು ಹೋಗಿ ತಾರಸಿ ಬಂತು, ಒಲೆ ಹೋಗಿ ಗ್ಯಾಸ್ ಬಂತು, ಇವೆರಡರ ಜೊತೆ ಅಟ್ಟವೂ ಹೋಯಿತು. ದಿನಕ್ಕೆರಡು ಬಾರಿ ಹೊಗೆಯಾಡಿ, ಸದಾ ಒಣಗಿ, ಕತ್ತಲಾಗಿ ಇರುತ್ತಿದ್ದ ಜಾಗ ಅದು. ಹೊಗೆಯಿದ್ದಲ್ಲಿ ಬೂಷ್ಟು ಹಿಡಿಯುವುದು ಕಡಿಮೆ, ಹುಳವೂ ಕಡಿಮೆ. ಆ ಹೊಗೆಯಲ್ಲೇ ಜೀವಮಾನವಿಡೀ ಕೆಮ್ಮಿದವಳು ಆಯಿ. ಗಡ್ಡೆಗೆ ಒಳ್ಳೆಯದಾದದ್ದು ಅವಳ ಎದೆಗೆ ಒಳ್ಳೆಯದಾಗಿರಲಿಲ್ಲ. ಬಚ್ಚಲ ಒಲೆ ಇನ್ನೂ ಇದೆ, ಆದರೆ ಅಲ್ಲಿಯ ಉಗಿಗೆ ಗಡ್ಡೆ ಎರಡೇ ವಾರದಲ್ಲಿ ಕೊಳೆಯುತ್ತದೆ.

ಹೀಗೆ ಕೊಳ್ಳುವ ಗಡ್ಡೆಗೆ ತನ್ನದೇ ಪಂಚಾಂಗ ಇದೆ. ಬಯಲುಸೀಮೆಯಲ್ಲೂ ಬೆಂಗಳೂರಿನಲ್ಲೂ ಡೇರೆ ಚಳಿಗಾಲದ ಹೂ. ಮಳೆ ಹಿಂದಾದ ಮೇಲೆ ನೆಟ್ಟು ಡಿಸೆಂಬರ್, ಜನವರಿಯಲ್ಲಿ ಹೂ ಕಾಣುತ್ತಾರೆ. ಆನ್‌ಲೈನ್ ಅಂಗಡಿಗಳು ನಡೆಯುವುದು ಆ ಲೆಕ್ಕದಲ್ಲಿ. ನಮಗೆ ಬೇಕಾದ ಮೇ ತಿಂಗಳಲ್ಲಿ ಅವರಲ್ಲಿ ಉಳಿದಿರುವುದು ಸೋಸಿದ ಮಾಲು. ಹೋದ ವರ್ಷ ತಮ್ಮನ ಮನೆಗೆ ಬಂದ ಪೊಟ್ಟಣದಲ್ಲಿ ತೆಂಗಿನ ನಾರಿನ ಪುಡಿಯ ನಡುವೆ ಚೆಂದದ ಗಡ್ಡೆಗಳಿದ್ದವು, ಅರ್ಧಕ್ಕೆ ಕುತ್ತಿಗೆಯೇ ಇರಲಿಲ್ಲ. ಕುರುಡು ಗಡ್ಡೆ ಕೊಡುವುದರಲ್ಲಿ ಹಳಬರಿಗೂ ಹೊಸಬರಿಗೂ ವ್ಯತ್ಯಾಸ ಕಡಿಮೆ. ಹಳಬರ ಜೊತೆ ಭಾದ್ರಪದದಲ್ಲಿ ಜಗಳವಾದರೂ ಆಡಬಹುದಿತ್ತು.

ಈ ಲೆಕ್ಕವನ್ನು ಬೇರೆ ರೀತಿಯಲ್ಲಿ ಹಿಡಿದವರೂ ಇದ್ದಾರೆ. ಶಿರಸಿಯಲ್ಲಿ ಸುನೀತಾ ರಾವ್ ಅವರ ಮುಂದಾಳ್ತನದಲ್ಲಿ 2001ರಿಂದ ಬೆಳೆದ ವನಸ್ತ್ರೀ ಬಳಗದ ಹೆಂಗಸರು ಹಿತ್ತಲಿನ ಬೀಜ, ಗಡ್ಡೆಗಳನ್ನು ಮನೆಯಿಂದ ಮನೆಗೆ ದಾಟಿಸುತ್ತಾರೆ. ಮಲೆನಾಡ ಮೇಳ ನಡೆಸುತ್ತಾರೆ. ಜೋಯಿಡಾದ ಗಡ್ಡೆಗೆಣಸಿನ ಮೇಳದಲ್ಲಿ ಕುಣಬಿಯರು ತಾವು ಬೆಳೆದ ಹತ್ತಾರು ಬಗೆಯ ಗಡ್ಡೆಗಳನ್ನು ಸಾಲಾಗಿ ಹರಡಿ ಕೂರುತ್ತಾರೆ. ಇಂಥ ಕಡೆ ಹಣ ಕೊಟ್ಟು ಒಯ್ದರೂ ಗಡ್ಡೆಯ ಹಿಂದೆ ಒಂದು ಮನೆ ಇರುತ್ತದೆ, ಸತ್ತುಹೋದರೆ ಮತ್ತೆ ಕೇಳಲು ಒಬ್ಬರು ಇರುತ್ತಾರೆ.

ನನ್ನ ದೃಷ್ಟಿಯಲ್ಲಿ ಇಡೀ ವ್ಯವಹಾರದ ಗುಟ್ಟು ಅಲ್ಲಿದೆ. ಒಂದು ಮನೆಯಲ್ಲಿ ಗಡ್ಡೆ ಉಳಿಯುವುದು ಯಾವ ಕಾಲದಲ್ಲೂ ಅನುಮಾನವೇ. ಇಲಿ, ಹಂದಿ, ಕೊಳೆ, ಬೇಸಿಗೆ, ಯಾವುದಾದರೊಂದು ಬಂದೇ ಬರುತ್ತದೆ. 2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿ ದಂಡೆಯ ಹಿತ್ತಲುಗಳ ಮೇಲೆ ಕೆಸರು ಹಾಸಿ ಹೋದಾಗ ಎಷ್ಟೋ ಮನೆಗಳಲ್ಲಿ ಅರಿಶಿನವೂ ಡೇರೆಯೂ ಒಟ್ಟಿಗೇ ಹೋದವು. ಆದರೆ ಹತ್ತು ಮನೆಗೆ ಹಂಚಿದ ಬಣ್ಣ ಹತ್ತೂ ಕಡೆ ಒಂದೇ ವರ್ಷ ಸಾಯುವುದಿಲ್ಲ. ನೆರೆ ಬಂದ ವರ್ಷ ಘಟ್ಟದ ಮೇಲೆ ಉಳಿದಿರುತ್ತದೆ, ಮೇಲೆ ಕೊಳೆತ ವರ್ಷ ಕೆಳಗೆ ಉಳಿದಿರುತ್ತದೆ, ಎರಡೂ ಕಡೆ ಹೋದರೆ ದಣಪೆಯಾಚೆ ಇರುತ್ತದೆ. ಆಯಿ, ದೊಡ್ಡಾಯಿ ದೊಡ್ಡ ಮನಸ್ಸಿನವರೆಂದು ನಾನು ಹೇಳಲಾರೆ. ಕೊಟ್ಟದ್ದೇ ಉಳಿಯುತ್ತದೆ, ಬಚ್ಚಿಟ್ಟದ್ದು ಹೋಗುತ್ತದೆ ಎಂಬುದನ್ನು ಅವರಿಗೆ ಇಲಿಗಳು ಕಲಿಸಿದ್ದವು. ಕೊಂಡು ತಂದು ಮೂರು ತಿಂಗಳಿಗೆ ಬಿಸಾಡುವ 15 ಬಣ್ಣಗಳಲ್ಲಿ ಒಂದೂ ನಮ್ಮ ಊರಿನದಾಗಿಲ್ಲ. ಯಾವುದು ಸತ್ತರೂ ಯಾರ ಮನೆಗೆ ಹೋಗಿ ಕೇಳಬೇಕೆಂದು ಯಾರಿಗೂ ಗೊತ್ತಿಲ್ಲ.

ಅಟ್ಟವಿಲ್ಲದ ಮನೆಯಲ್ಲೂ ಕಾಯ್ದಿಡಬಹುದು. ದೀಪಾವಳಿಯವರೆಗೆ ಗಿಡಕ್ಕೆ ಮೂಲೆಯಲ್ಲೊಂದು ಜಾಗ ಬಿಡಬೇಕು. ಎತ್ತಿದ ಗಡ್ಡೆಯನ್ನು ಚೆನ್ನಾಗಿ ಆರಿಸಿ, ಒಣ ಮರಳಿನೊಂದಿಗೆ ರಟ್ಟಿನ ಡಬ್ಬಿಗೆ ಹಾಕಿ, ತಾರಸಿಯ ಕಾವು ತಾಗದ ಕೆಳಗಿನ ಕಪಾಟಿನಲ್ಲಿಡಬೇಕು. ತಿಂಗಳಿಗೊಮ್ಮೆ ನೋಡಿ ಕೊಳೆತದ್ದನ್ನು ತೆಗೆಯಬೇಕು. ಸುಕ್ಕುಗಟ್ಟಿದರೆ ನಾಲ್ಕು ಹನಿ ನೀರು ಚಿಮುಕಿಸಿದರೆ ಸಾಕು. ಗುರುತಿಗೆ ಬಟ್ಟೆಯ ಚಿಂದಿಯೂ ಬೇಡ, ಹೂವಿನ ಫೋಟೋ ಮೊಬೈಲಿನಲ್ಲಿರುತ್ತದೆ, ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದರಾಯಿತು. ಈ ಒಂದು ವಿಷಯದಲ್ಲಿ ನಾವು ಆಯಿಗಿಂತ ಮುಂದಿದ್ದೇವೆ. ನಾನು ಕುಮಟೆಯ ಬಾಡಿಗೆ ಮನೆಯಲ್ಲಿ ಹೀಗೇ ಕೆಲವು ಗಡ್ಡೆ ಉಳಿಸಿಕೊಂಡಿದ್ದೇನೆ, ಬೇಕೆಂದವರಿಗೆ ಕಣ್ಣಿರುವುದನ್ನೇ ಆರಿಸಿ ಕೊಡುತ್ತೇನೆ. ಒಂದು ಕರಾರು ಹಾಕುತ್ತೇನೆ: ಬದುಕಿದರೆ ಇನ್ನಿಬ್ಬರಿಗೆ ಕೊಡಬೇಕು, ಯಾರಿಗೆ ಕೊಟ್ಟಿರೆಂದು ನನಗೆ ತಿಳಿಸಬೇಕು. ನನ್ನ ಡಬ್ಬಿಗೂ ಇಲಿ ಹೊಕ್ಕರೆ ಎಲ್ಲಿಗೆ ಹೋಗಿ ಕೇಳಬೇಕೆಂಬ ವಿಳಾಸ ನನ್ನ ಹತ್ತಿರ ಇರಲಿ.